‘ಡಬಲ್ ಏಜೆಂಟ್’ ಪದದ ಬಗ್ಗೆ ಗುಂಪಿಗೆ ಸೂಚನೆ

ಗುಂಪಿನ ಎಲ್ಲರಿಗೂ ನಮಸ್ಕಾರ.

ನಿನ್ನೆ ರಾತ್ರಿ ನಮ್ಮ ಸದಸ್ಯರೊಬ್ಬರನ್ನು ಇಲ್ಲಿ ‘ಡಬಲ್ ಏಜೆಂಟ್’ ಎಂದು ಕರೆದರು. ಅವರು ವಿಜಯಪುರದ ಇನ್ನೊಂದು ಓದುಗರ ಗುಂಪಿನಲ್ಲೂ ಇದ್ದಾರೆ, ಅಷ್ಟೇ ಕಾರಣ. ಇವತ್ತು ಬೆಳಿಗ್ಗೆ ಗೋಳಗುಮ್ಮಟದ ಹತ್ತಿರ ಚಹಾ ಅಂಗಡಿಯಲ್ಲಿ ಸಿಕ್ಕಿದ್ದರು. ಮಾತೇ ಇಲ್ಲ. ಕೈಯಲ್ಲಿದ್ದ ಚಹಾ ಆರಿ ಕೆನೆ ಕಟ್ಟಿತು, ಕುಡಿಯಲಿಲ್ಲ. ನನಗೆ ಬಹಳ ಬೇಜಾರಾಯಿತು.

ಇದು ಸುಮ್ನೆ ಎಸೆಯುವ ಪದವಲ್ಲ. ಒಂದು ಕಡೆಯ ಗೂಢಚಾರ ಎಂದು ತೋರಿಸಿಕೊಂಡು, ಒಳಗೊಳಗೆ ಅವರ ವೈರಿಗೆ ದುಡಿಯುವವನು ಡಬಲ್ ಏಜೆಂಟ್. ಇಬ್ಬರ ಪರಿಚಯ ಇದ್ದರೆ ಸಾಲದು, ಒಬ್ಬರಿಗೆ ಮೋಸ ಮಾಡಿರಬೇಕು. ಕೌಟಿಲ್ಯನ ಅರ್ಥಶಾಸ್ತ್ರ ಇಂಥವನನ್ನು ‘ಉಭಯವೇತನ’ ಎನ್ನುತ್ತದೆ. ಎರಡೂ ಕಡೆ ಸಂಬಳ ಪಡೆಯುವವನು. ಎಷ್ಟು ಚೊಕ್ಕ ಪದ ಅಲ್ವಾ! ಅಂಥವನನ್ನು ಕಳಿಸುವವರು ಅವನ ಹೆಂಡತಿ ಮಕ್ಕಳನ್ನು ತಮ್ಮ ವಶದಲ್ಲಿ ಇಟ್ಟುಕೊಳ್ಳಬೇಕು ಎಂದೂ ಅಲ್ಲಿದೆ. ಕೆಲಸಕ್ಕೆ ಇಟ್ಟುಕೊಂಡವರಿಗೇ ಅವನ ಮೇಲೆ ನಂಬಿಕೆ ಇರುತ್ತಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲದ ಸ್ಪೇನಿನ ಹುವಾನ್ ಪುಜೋಲ್ ನಿಜವಾದ ಡಬಲ್ ಏಜೆಂಟ್. ಜರ್ಮನಿಯವರು ಅವನನ್ನು ತಮ್ಮವನೆಂದೇ ನಂಬಿದ್ದರು, ಅವನು ದುಡಿದದ್ದು ಬ್ರಿಟನ್ನಿಗೆ. ಇಲ್ಲದ 27 ಸಹಾಯಕರನ್ನು ಕಾಗದದ ಮೇಲೆ ಹುಟ್ಟಿಸಿ, ಅವರ ಹೆಸರಿನಲ್ಲೂ ಜರ್ಮನಿಯಿಂದ ಹಣ ತರಿಸಿದ. 1944ರಲ್ಲಿ ಎರಡೂ ದೇಶಗಳು ಅವನಿಗೆ ಗೌರವ ಪದಕ ಕೊಟ್ಟವು.

ಎರಡು ಗುಂಪಿನಲ್ಲಿ ಪುಸ್ತಕ ಓದುವವರಿಗೆ ಈ ಹೆಸರು ಬೇಡ. ಆ ಸಂದೇಶ ಹಾಕಿದವರು ಅದನ್ನು ಅಳಿಸಿ, ಅವರಿಗೊಂದು ಫೋನ್ ಮಾಡಿ, ದಯವಿಟ್ಟು. ಭಾನುವಾರದ ಓದು ಎಂದಿನಂತೆ ಬೆಳಿಗ್ಗೆ 10ಕ್ಕೆ.