ಪುಟ್ಟಿ, ನಮ್ಮ ಹತ್ರ ಇರುವುದು ಇಷ್ಟು

ಪುಟ್ಟಿ,

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನಗೆ ಓದಲು ಸ್ವಲ್ಪ ಹೊತ್ತು ಹಿಡಿಯುತ್ತದೆ ಅಂತ ಗೊತ್ತು. ಒತ್ತಕ್ಷರ ಬಂದ ಕಡೆ ನಿಲ್ಲುತ್ತೀಯ, ಆಮೇಲೆ ಅಮ್ಮನನ್ನು ಕೂಗುತ್ತೀಯ. ಪರವಾಗಿಲ್ಲ, ನಿಧಾನವಾಗಿ ಓದು. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ನನ್ನ ಕೈ ತಾನಾಗಿಯೇ ಆಫೀಸಿನ ಈಮೇಲ್ ಬರೆದುಬಿಡುತ್ತದೆ.

ಮೊನ್ನೆ ಮಂಗಳವಾರ ರಾತ್ರಿ ನೀನು ಒಂದು ಮಾತು ಕೇಳಿದೆ. "ಅಪ್ಪಾ, ಕಾಲೇಜಿಗೆ ಅಂತ ನಮ್ಮ ಹತ್ರ ಎಷ್ಟು ದುಡ್ಡಿದೆ?" ನಾನು ಡಿಶ್‌ವಾಷರ್‌ಗೆ ಪಾತ್ರೆ ಜೋಡಿಸುತ್ತಿದ್ದೆ. ತಿರುಗಿ ಕೂಡ ನೋಡದೆ "ಅದನ್ನೆಲ್ಲ ನೀನ್ಯಾಕೆ ತಲೆಗೆ ಹಚ್ಕೋತೀಯ, ನೀನು ಓದು, ದುಡ್ಡು ನಾನು ನೋಡ್ಕೋತೀನಿ" ಅಂದೆ. ನೀನು "ಓಕೆ" ಅಂತ ಮೇಲೆ ಹೋದೆ. ಬೆಳಿಗ್ಗೆ ಎದ್ದು ನೋಡಿದರೆ ಊಟದ ಮೇಜಿನ ಮೇಲೆ ಬಾಸ್ಟನ್ ಹತ್ತಿರದ ಆ ಕಾಲೇಜಿನ ಅರ್ಲಿ ಡಿಸಿಷನ್ ಒಪ್ಪಂದದ ಪ್ರಿಂಟ್, ಸೀಟು ಕೊಟ್ಟರೆ ಅಲ್ಲಿಗೇ ಸೇರುತ್ತೇವೆ ಅನ್ನುವ ಕರಾರು. ಅಪ್ಪ-ಅಮ್ಮ ಸಹಿ ಹಾಕುವ ಜಾಗದಲ್ಲಿ ಹಳದಿ ಚೀಟಿ, ಅದರ ಮೇಲೆ ನಿನ್ನ ಅಕ್ಷರದಲ್ಲಿ ಒಂದು ನಗುವ ಮುಖ.

ಆ ಹಾಳೆ ಮೂರು ದಿನದಿಂದ ನನ್ನ ಬ್ಯಾಗಿನಲ್ಲಿದೆ. ಸಹಿ ಹಾಕಿಲ್ಲ. ಯಾಕೆ ಅಂತ ಹೇಳುವ ಮೊದಲು ನೀನು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ.

ಕಾಲೇಜಿಗೆ ಅಂತಲೇ ಉಳಿಸುವ ನಿನ್ನ 529 ಖಾತೆಯಲ್ಲಿ ಇವತ್ತಿಗೆ 71,000 ಡಾಲರ್ ಇದೆ. ನೀನು ಕಾಲೇಜು ಸೇರಿದ ಮೇಲೆ ನನ್ನ ಸಂಬಳದಿಂದ ತಿಂಗಳಿಗೆ ಸಾವಿರ ಡಾಲರ್ ತೆಗೆದಿಡಬಹುದು. ನಾಲ್ಕು ವರ್ಷಕ್ಕೆ 48,000. ಎರಡೂ ಸೇರಿ 1,19,000. ನಾಲ್ಕರಿಂದ ಭಾಗಿಸಿದರೆ ವರ್ಷಕ್ಕೆ 30,000ಕ್ಕೆ ಒಂಚೂರು ಕಡಿಮೆ. ನಿನ್ನ ತಮ್ಮನ ಖಾತೆ ಬೇರೆ ಇದೆ, ಅದಕ್ಕೆ ಕೈ ಹಾಕುವುದಿಲ್ಲ. ಅವನಿನ್ನೂ ಎಂಟನೇ ಕ್ಲಾಸು. ಅವನು ಕಾಲೇಜಿಗೆ ಹೋಗುವ ಹೊತ್ತಿಗೆ ದರ ಎಲ್ಲಿರುತ್ತದೋ.

ಇಷ್ಟೇ. ವರ್ಷಕ್ಕೆ 30,000. ಬರೆದು ನೋಡಿದರೆ ಅಷ್ಟು ಭಯಂಕರವಾಗೇನೂ ಕಾಣುವುದಿಲ್ಲ. ಇದನ್ನು ಒಂಬತ್ತನೇ ಕ್ಲಾಸಿನಲ್ಲೇ ನಿನಗೆ ಹೇಳಬಹುದಿತ್ತು. ಹೇಳಲಿಲ್ಲ. ಮಕ್ಕಳ ಮುಂದೆ ದುಡ್ಡಿನ ಮಾತಾಡಬಾರದು ಅನ್ನುವುದು ಒಂದು ನೆಪ. ನಿಜ ಹೇಳಬೇಕೆಂದರೆ, "ಇಷ್ಟೇನಾ?" ಅಂತ ನಿನ್ನ ಮುಖದಲ್ಲಿ ಕಾಣುತ್ತದೇನೋ ಅಂತ ಹೆದರಿಕೆ.

ನಿನ್ನ ತಾತ ಹೀಗೆ ಮಾಡಲಿಲ್ಲ. 1997ರಲ್ಲಿ ನಾನು ಸಿಇಟಿ ಬರೆದೆ. ಆಗ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಫ್ರೀ ಸೀಟು, ಪೇಮೆಂಟ್ ಸೀಟು ಅಂತ ಎರಡು ಥರ. ನನ್ನ ರ‍್ಯಾಂಕಿಗೆ ನಾನು ಆಸೆಪಟ್ಟ ಎಲೆಕ್ಟ್ರಾನಿಕ್ಸ್ ಪೇಮೆಂಟ್ ಸೀಟಿನಲ್ಲಿ ಸಿಗುತ್ತಿತ್ತು, ಫ್ರೀ ಸೀಟಿನಲ್ಲಿ ಇಲ್ಲ. ತಾತ ಸಹಕಾರಿ ಬ್ಯಾಂಕಿನಲ್ಲಿ ಕ್ಲರ್ಕು. ಕೌನ್ಸೆಲಿಂಗಿಗೆ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ, ಕಿಟಕಿ ಪಕ್ಕ ನನ್ನನ್ನು ಕೂರಿಸಿ, "ಪೇಮೆಂಟ್ ಸೀಟು ನಮ್ಮ ಕೈಲಿ ಆಗಲ್ಲ ಕಣೋ. ಫ್ರೀ ಸೀಟಲ್ಲಿ ಏನ್ ಸಿಗುತ್ತೋ ಅದರಲ್ಲಿ ಒಳ್ಳೇದು ತಗೋ" ಅಂದರು. ಒಂದೇ ಸಲ ಹೇಳಿದ್ದು. ಆಮೇಲೆ ಕಡ್ಲೇಕಾಯಿ ಪೊಟ್ಟಣ ಬಿಚ್ಚಿದರು. ನನಗೆ ಸಿಟ್ಟು ಬಂತು, ಇಡೀ ದಾರಿ ಮಾತಾಡಲಿಲ್ಲ. ಆದರೆ ಆ ಹಾಲಿನಲ್ಲಿ ನನ್ನ ಸರದಿ ಬಂದಾಗ ಯಾವ ಸೀಟಿನ ಕಡೆ ನೋಡಬೇಕು, ಯಾವುದರ ಕಡೆ ನೋಡಬಾರದು ಅಂತ ನನಗೆ ಗೊತ್ತಿತ್ತು. ಮೆಕ್ಯಾನಿಕಲ್ ತಗೊಂಡೆ. ನಾನು ನಿನಗೆ ಅಷ್ಟು ಕೂಡ ಹೇಳಿರಲಿಲ್ಲ ನೋಡು. ಸುಮ್ನೆ ಓದು ಅಂದೆ.

ಈಗ ನಿನ್ನ ಲೆಕ್ಕಕ್ಕೆ ಬರೋಣ. ನಿನ್ನ ನೋಟ್‌ಪುಸ್ತಕ ಸೋಫಾ ಮೇಲೆ ತೆರೆದೇ ಇತ್ತು, ನೋಡಿದೆ, ಕ್ಷಮಿಸು. ಹತ್ತು ಕಾಲೇಜು, ಒಂದೊಂದರಲ್ಲೂ ಸೀಟು ಸಿಗುವ ಚಾನ್ಸ್ 5 ಪರ್ಸೆಂಟ್. 0.95 ಅನ್ನು ಹತ್ತು ಸಲ ಗುಣಿಸಿ, ಒಂದರಿಂದ ಕಳೆದು, 0.40 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀಯ. ಅಂದರೆ ಹತ್ತರಲ್ಲಿ ಒಂದಾದರೂ ಸಿಗುವ ಚಾನ್ಸ್ 40 ಪರ್ಸೆಂಟ್. ಗುಣಾಕಾರ ಸರಿಯಾಗಿದೆ. ಆದರೆ ಆ ಲೆಕ್ಕ ದಾಳ ಉರುಳಿಸುವುದಕ್ಕೆ ಸರಿ. ಒಂದು ದಾಳಕ್ಕೆ ಇನ್ನೊಂದರ ಹಂಗಿಲ್ಲ. ನಿನ್ನ ಅರ್ಜಿ ಹಾಗಲ್ಲ. ಹತ್ತೂ ಕಡೆ ಹೋಗುವುದು ಅದೇ ಮಾರ್ಕ್ಸ್ ಪಟ್ಟಿ, ಅದೇ ಮುಖ್ಯ ಪ್ರಬಂಧ, ಅದೇ ಮೇಷ್ಟ್ರುಗಳ ಶಿಫಾರಸು ಪತ್ರ. ಒಂದು ಕಡೆ ಸಪ್ಪೆ ಅನ್ನಿಸಿದ್ದು ಇನ್ನೊಂದು ಕಡೆಯೂ ಸಪ್ಪೆ ಅನ್ನಿಸುವ ಸಾಧ್ಯತೆ ಜಾಸ್ತಿ. ಅದೂ ಅಲ್ಲದೆ 5 ಪರ್ಸೆಂಟ್ ಅನ್ನುವುದು ಅರ್ಜಿ ಹಾಕಿದ ಎಲ್ಲರ ಸರಾಸರಿ, ನಿನ್ನದಲ್ಲ. 2024ರಲ್ಲಿ ಹಾರ್ವರ್ಡ್‌ಗೆ 54,000 ಜನ ಅರ್ಜಿ ಹಾಕಿದ್ದರು, ಸೀಟು ಸಿಕ್ಕಿದ್ದು 2,000ಕ್ಕೂ ಕಡಿಮೆ ಜನಕ್ಕೆ. ಸಿಕ್ಕವರಲ್ಲಿ ಕ್ರೀಡೆಗೆ ಅಂತಲೇ ಆರಿಸಿದವರೂ ಇರುತ್ತಾರೆ. ಅವರನ್ನು ತೆಗೆದು ನೋಡಿದರೆ ನಿನ್ನಂಥವಳಿಗೆ ಉಳಿಯುವ ಪಾಲು ಇನ್ನೂ ಸಣ್ಣದು.

ನಿನ್ನ ಹುಮ್ಮಸ್ಸು ಇಳಿಸಲು ಇದನ್ನು ಹೇಳುತ್ತಿಲ್ಲ. ಆ 0.40 ಅನ್ನು ನಂಬಿ ಉಳಿದ ಅರ್ಜಿಗಳನ್ನು ಅರೆಮನಸ್ಸಿನಿಂದ ಬರೆಯಬೇಡ, ಅಷ್ಟೇ.

ಅರ್ಲಿ ಡಿಸಿಷನ್ ಹಾಕಿದರೆ ಚಾನ್ಸ್ ಜಾಸ್ತಿ ಅನ್ನುತ್ತೀಯ. ಪರ್ಸೆಂಟ್ ಲೆಕ್ಕದಲ್ಲಿ ಜಾಸ್ತಿ ಕಾಣುವುದು ನಿಜ. ಆದರೆ ಅದಕ್ಕೆ ನೀನು, ನಾನು, ನಿನ್ನ ಸ್ಕೂಲಿನ ಕೌನ್ಸೆಲರ್ ಮೂರೂ ಜನ ಸಹಿ ಹಾಕಬೇಕು. ಸೀಟು ಕೊಟ್ಟರೆ ಅಲ್ಲಿಗೇ ಹೋಗುತ್ತೇವೆ, ಉಳಿದ ಅರ್ಜಿಗಳನ್ನೆಲ್ಲ ವಾಪಸ್ ತಗೋತೇವೆ ಅಂತ. ಅವರು ಕೊಟ್ಟ ನೆರವು ಸಾಲುವುದಿಲ್ಲ ಅಂದರೆ ಬಿಡಿಸಿಕೊಳ್ಳಲು ದಾರಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಾಲ್ಕು ಕಡೆಯ ಪತ್ರ ಪಕ್ಕಪಕ್ಕ ಇಟ್ಟುಕೊಂಡು ಎಲ್ಲಿ ಎಷ್ಟು ಬೀಳುತ್ತದೆ ಅಂತ ನೋಡುವ ಅವಕಾಶ ಹೋಗುತ್ತದೆ. ನಮ್ಮಂಥ ಮನೆಗೆ ಅದೇ ಮುಖ್ಯ. ಅರ್ಲಿ ಡಿಸಿಷನ್ ಬಾಗಿಲು ಯಾವ ಬೆಲೆಯಾದರೂ ಸರಿ ಅನ್ನುವವರಿಗೆ ಸಲೀಸು.

ಆ ಬಾಸ್ಟನ್ ಹತ್ತಿರದ ಕಾಲೇಜಿನ ವರ್ಷದ ಪೂರ್ತಿ ಖರ್ಚು 90,000 ಡಾಲರ್ ದಾಟಿದೆ. ಅಂಗಡಿಯಲ್ಲಿ ಬರೆದಿಟ್ಟ ಬೆಲೆ ಇದು, ಎಲ್ಲರೂ ಇಷ್ಟೇ ಕೊಡಲ್ಲ ಅಂತ ನೀನೇ ಹೇಳಿದ್ದೆ, ಸರಿಯಾಗೇ ಹೇಳಿದ್ದೆ. 2011ರಿಂದ ಪ್ರತಿ ಕಾಲೇಜೂ ತನ್ನ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್, ಅಂದರೆ ನೆರವು ಕಳೆದು ನಮ್ಮಂಥ ಮನೆಗೆ ಎಷ್ಟು ಬೀಳುತ್ತದೆ ಅಂತ ಅಂದಾಜು ಹೇಳುವ ಲೆಕ್ಕದ ಪುಟ, ಇಡಲೇಬೇಕು ಅಂತ ಕಾನೂನಿದೆ. ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಕೂತು ನಮ್ಮ ಸಂಬಳ, ಮನೆ ಸಾಲ, ಉಳಿತಾಯ ಎಲ್ಲ ತುಂಬಿದೆ. ಚಕ್ರ ತಿರುಗಿ ತಿರುಗಿ ಕೊನೆಗೆ 62,000 ಅಂತ ತೋರಿಸಿತು. ಎರಡನೇ ಸಲ ತುಂಬಿದೆ. ಮತ್ತೆ 62,000.

ನಮ್ಮ 30,000 ಕಳೆದರೆ ವರ್ಷಕ್ಕೆ 32,000 ಕೊರತೆ. ನಾಲ್ಕು ವರ್ಷಕ್ಕೆ 1,28,000. ಸರ್ಕಾರ ನಿನ್ನ ಹೆಸರಿಗೆ ಕೊಡುವ ಸಾಲ ಮೊದಲ ವರ್ಷ 5,500, ಎರಡನೇ ವರ್ಷ 6,500, ಆಮೇಲೆ ಎರಡು ವರ್ಷ 7,500. ಒಟ್ಟು 27,000. ಇನ್ನೂ ಒಂದು ಲಕ್ಷಕ್ಕೂ ಜಾಸ್ತಿ ಬಾಕಿ. ಬೇರೆ ಮನೆಗಳಲ್ಲಿ ಇಲ್ಲಿಗೆ ಪೇರೆಂಟ್ ಪ್ಲಸ್ ಸಾಲ ಬರುತ್ತದೆ, ಸರ್ಕಾರ ಅಪ್ಪ-ಅಮ್ಮನ ಹೆಸರಿಗೆ ಕೊಡುವುದು. ನನಗೆ ಅದು ಸಿಗಲ್ಲ. ನೀನು ಹುಟ್ಟಿದ್ದು ಇಲ್ಲಿ, ನೀನು ಸಿಟಿಜನ್. ನಾನು ಇನ್ನೂ ಎಚ್-1ಬಿ ಕೆಲಸದ ವೀಸಾದಲ್ಲಿ. ಗ್ರೀನ್ ಕಾರ್ಡ್ ಸಾಲಿನಲ್ಲಿ ನನ್ನ ಸರದಿ ಗೊತ್ತುಮಾಡುವ ಪ್ರಯಾರಿಟಿ ಡೇಟ್ 2015. ಆ ಸಾಲು ಎಷ್ಟು ಉದ್ದ ಅಂತ ಅಮ್ಮ-ನಾನು ಮಾತಾಡುವುದನ್ನು ಕೇಳಿ ಕೇಳಿ ನಿನಗೇ ಬಾಯಿಪಾಠ. ಬ್ಯಾಂಕಿನ ಪ್ರೈವೇಟ್ ಸಾಲಕ್ಕೂ ಎಷ್ಟೋ ಕಡೆ ಜಾಮೀನು ಹಾಕುವವರು ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರೇ ಆಗಬೇಕು. ಒಂದು ವೇಳೆ ಹೇಗೋ ಸಿಕ್ಕಿತು ಅಂತ ಇಟ್ಟುಕೋ. ನನ್ನ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ನನಗೆ 60 ದಿನ. ಅಷ್ಟರಲ್ಲಿ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಆಗ ಆ ಸಾಲ ಹದಿನೆಂಟು-ಹತ್ತೊಂಬತ್ತು ವರ್ಷದ ನಿನ್ನ ತಲೆ ಮೇಲೆ, ನಾವು ಇನ್ನೊಂದು ದೇಶದಲ್ಲಿ. ರಾತ್ರಿ ನಿದ್ದೆ ಬರದಿದ್ದಾಗ ನಾನು ಲೆಕ್ಕ ಹಾಕುವುದು ಇದನ್ನೇ.

ಈಗ ಯುಟಿ ಆಸ್ಟಿನ್, ನಮ್ಮ ಟೆಕ್ಸಸ್ ರಾಜ್ಯದ ಸರ್ಕಾರಿ ಯೂನಿವರ್ಸಿಟಿ. ಇದರ ಬಗ್ಗೆ ನಿನಗೆ ಹೊಟ್ಟೆಯೊಳಗೆ ಸಂಕಟ ಇದೆ ಅಂತ ಗೊತ್ತು. 1997ರಲ್ಲಿ ಟೆಕ್ಸಸ್‌ನಲ್ಲಿ ಕಾನೂನು ಬಂತು, ಯಾವುದೇ ಹೈಸ್ಕೂಲಿನ ಮೊದಲ 10 ಪರ್ಸೆಂಟ್ ಮಕ್ಕಳಿಗೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಸೀಟು ಖಾಯಂ ಅಂತ. (ನಾನು ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕೂತ ವರ್ಷವೇ!) ಆಸ್ಟಿನ್‌ಗೆ ಜನ ಮುಗಿಬಿದ್ದು, ಅದಕ್ಕೆ ಮಾತ್ರ ಆಮೇಲೆ ವಿನಾಯಿತಿ ಕೊಟ್ಟರು. 2025ರಲ್ಲಿ ಸೇರಿದವರವರೆಗೆ ಮೊದಲ 6 ಪರ್ಸೆಂಟ್ ಇತ್ತು, 2026ರಲ್ಲಿ ಸೇರುವ ನಿಮ್ಮ ಬ್ಯಾಚಿನಿಂದ 5. ನಿನ್ನ ಕ್ಲಾಸಿನಲ್ಲಿ 1,200 ಜನ, ನಿನ್ನ ರ‍್ಯಾಂಕು 68. ಹಳೇ ಲೆಕ್ಕದಲ್ಲಿ 72ರವರೆಗೆ ಒಳಗೆ. ಹೊಸದರಲ್ಲಿ 60ಕ್ಕೇ ಗೆರೆ. ಎಂಟು ಜನ.

ಆ ಎಂಟು ಜನ ನಿನ್ನ ಮುಂದೆ ಯಾಕಿದ್ದಾರೆ ಅಂತಲೂ ನನಗೆ ಗೊತ್ತು. ನೀನು ಆರ್ಕೆಸ್ಟ್ರಾ ಬಿಡಲಿಲ್ಲ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಇರುವ ಎಪಿ ಕ್ಲಾಸಿನ ಎ ಗ್ರೇಡಿಗೆ 5, ಆರ್ಕೆಸ್ಟ್ರಾದ ಎ ಗ್ರೇಡಿಗೆ 4. ಎಷ್ಟು ಚೆನ್ನಾಗಿ ಪಿಟೀಲು ನುಡಿಸಿದರೂ ಸರಾಸರಿ ಇಳಿಯುತ್ತದೆ, ಎಂಥಾ ಲೆಕ್ಕ! ಹತ್ತನೇ ಕ್ಲಾಸಿನಲ್ಲಿ "ಬಿಟ್ಬಿಡು, ಇನ್ನೊಂದು ಎಪಿ ತಗೋ" ಅಂತ ನಾನೇ ಹೇಳಿದ್ದೆ. ನೀನು ಕೇಳಲಿಲ್ಲ. ಕೇಳದೇ ಇದ್ದದ್ದು ಒಳ್ಳೇದಾಯ್ತು. ಕಳೆದ ಡಿಸೆಂಬರಿನ ಕಛೇರಿಯಲ್ಲಿ, ಕಛೇರಿ ಅಂದರೆ ನಿನಗೆ ನಗು ಬರುತ್ತದೆ, ಆ ಕಾನ್ಸರ್ಟಿನಲ್ಲಿ ಎರಡನೇ ಸಾಲಿನಲ್ಲಿ ಕೂತು ನೀನು ಕಣ್ಣು ಮುಚ್ಚಿ ಬಿಲ್ಲು ಎಳೆಯುತ್ತಿದ್ದೆ. ಆ ಎಂಟು ರ‍್ಯಾಂಕು ಅಲ್ಲಿಗೆ ಹೋಯ್ತು. ಹೋಗಲಿ.

68 ಅಂದರೆ ಬಾಗಿಲು ಮುಚ್ಚಿತು ಅಂತಲ್ಲ. ಟೆಕ್ಸಸ್ ಮಕ್ಕಳ ಸೀಟುಗಳಲ್ಲಿ ಮುಕ್ಕಾಲು ಪಾಲು ರ‍್ಯಾಂಕಿನವರಿಗೆ, ಉಳಿದ ಕಾಲು ಪಾಲನ್ನು ಇಡೀ ಅರ್ಜಿ ಓದಿ ಕೊಡುತ್ತಾರೆ. ಅಲ್ಲಿ ಪ್ರಬಂಧ ನೋಡುತ್ತಾರೆ, ಎಸ್‌ಎಟಿ ಪರೀಕ್ಷೆಯ ಅಂಕ ಮತ್ತೆ ಕೇಳುತ್ತಿದ್ದಾರೆ, ನಿನ್ನ 1490 ಏನೂ ಕಡಿಮೆ ಅಲ್ಲ. ರ‍್ಯಾಂಕಿನಲ್ಲಿ ಸೀಟು ಸಿಕ್ಕವರಿಗೂ ಕೇಳಿದ ಮೇಜರ್, ಅಂದರೆ ಮುಖ್ಯ ವಿಷಯ, ಸಿಕ್ಕೇ ಸಿಗುತ್ತದೆ ಅಂತಿಲ್ಲ. ಅರ್ಲಿ ಆಕ್ಷನ್‌ಗೆ ಅಕ್ಟೋಬರ್ 15 ಕೊನೆ ದಿನ. ಅದರಲ್ಲಿ ಯಾರ ಕೈಕಾಲೂ ಕಟ್ಟುವುದಿಲ್ಲ, ಅದನ್ನು ಮೊದಲು ಕಳಿಸು. ಅಲ್ಲಿ ವರ್ಷಕ್ಕೆ ಊಟ, ರೂಮು ಎಲ್ಲ ಸೇರಿ 30,000ದ ಮೇಲೆ ಸ್ವಲ್ಪ. ಆ ಸ್ವಲ್ಪಕ್ಕೆ ನಿನ್ನ ಹೆಸರಿನ ಸರ್ಕಾರಿ ಸಾಲ ಸಾಕು. ಆದಾಯ ಲಕ್ಷ ಡಾಲರ್ ಒಳಗಿರುವ ಮನೆಗಳಿಗೆ ಯುಟಿಯಲ್ಲಿ 2025ರಿಂದ ಟ್ಯೂಷನ್ ಫೀಸೇ ಇಲ್ಲ, ಆದರೆ ನಾವು ಆ ಗೆರೆಯ ಮೇಲಿದ್ದೇವೆ. ಸರ್ಕಾರಿ ನೆರವಿನ ಅರ್ಜಿ ಫಾಫ್ಸಾ ತುಂಬುತ್ತೇನೆ, ಸಾಲಕ್ಕೆ ಅದು ಬೇಕೇ ಬೇಕು.

ಯುಟಿ ಡಲ್ಲಸ್ ಹೆಸರು ಎತ್ತಿದರೆ ನೀನು ಮೂಗು ಮುರಿಯುತ್ತೀಯ. ಮನೆಯಿಂದ ಇಪ್ಪತ್ತು ನಿಮಿಷ, ಅದೇ ಅದರ ತಪ್ಪು ಅಲ್ವಾ? ಆದರೆ 68ನೇ ರ‍್ಯಾಂಕಿಗೆ ಅಲ್ಲಿ ಸೀಟು ಖಾಯಂ, ನಿನಗೆ ಬೇಕಾದ ನ್ಯೂರೋಸೈನ್ಸ್ ಇದೆ, ಮೆರಿಟ್ ಸ್ಕಾಲರ್‌ಶಿಪ್ಪೂ ಕೊಡುತ್ತಾರೆ. ಹಾರ್ವರ್ಡ್ ಥರದ ಐವಿ ಲೀಗ್ ಕಾಲೇಜುಗಳಲ್ಲಿ ಮೆರಿಟ್‌ಗೆ ಅಂತ ಒಂದು ಡಾಲರ್ ಕೂಡ ಇಲ್ಲ. ಟೆಕ್ಸಸ್‌ನ ಸರ್ಕಾರಿ ಯೂನಿವರ್ಸಿಟಿಗಳು ಎಪಿ ಪರೀಕ್ಷೆಯಲ್ಲಿ 3 ಬಂದರೂ ಸಾಮಾನ್ಯವಾಗಿ ಕಾಲೇಜಿನ ಕ್ರೆಡಿಟ್ ಕೊಡಬೇಕು ಅಂತ ಕಾನೂನಿದೆ. ನಿನ್ನ ಹತ್ರ ಈಗಾಗಲೇ ಅಂಥ ಐದು ಎಪಿ ಇವೆ. ಒಂದೊಂದು ಪರೀಕ್ಷೆಗೂ ನೂರು ಡಾಲರ್ ಕಟ್ಟುವಾಗ ಗೊಣಗಿದವನು ನಾನೇ.

ಮುಂದೆ ಮೆಡಿಕಲ್ ಓದಬೇಕು ಅಂತ ಒಮ್ಮೊಮ್ಮೆ ಅನ್ನುತ್ತೀಯ, ಒಮ್ಮೊಮ್ಮೆ ಬೇಡ ಅನ್ನುತ್ತೀಯ. ಬೇಕು ಅನ್ನಿಸಿದರೆ ಇನ್ನೊಂದು ಮಾತು. 2026ರ ಜುಲೈಯಿಂದ ಮೆಡಿಕಲ್ ಓದುವವರಿಗೆ ಸರ್ಕಾರಿ ಸಾಲ ವರ್ಷಕ್ಕೆ 50,000, ಒಟ್ಟು 2,00,000ಕ್ಕೆ ನಿಲ್ಲುತ್ತದೆ. ಈಗಲೇ ಸಾಲ ಹೊತ್ತುಕೊಂಡು ಅಲ್ಲಿಗೆ ಹೋಗಬೇಡ.

ಬಾಸ್ಟನ್ ಹತ್ತಿರದ ಆ ಕಾಲೇಜಿಗೆ ಅರ್ಜಿ ಹಾಕಬೇಡ ಅಂತ ನಾನು ಹೇಳುತ್ತಿಲ್ಲ. ಜನವರಿಯ ರೆಗ್ಯುಲರ್‌ನಲ್ಲಿ ಹಾಕು, ಫೀಸು ಕೊಡುತ್ತೇನೆ. ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಕಾಲೇಜಿನ ನೆರವಿನ ಅರ್ಜಿ ಕೂಡ ತುಂಬುತ್ತೇನೆ, ಎಷ್ಟೇ ಪ್ರಶ್ನೆ ಇರಲಿ. ಕ್ಯಾಲ್ಕುಲೇಟರ್ ಹೇಳುವುದು ಅಂದಾಜು. ಅವರ ಪತ್ರದಲ್ಲಿ ಬೇರೆ ಅಂಕಿ ಇದ್ದರೆ ಮೇ 1ರೊಳಗೆ ಎಲ್ಲ ಪತ್ರ ಮೇಜಿನ ಮೇಲೆ ಹರಡಿ ನೋಡೋಣ. 62,000ವೇ ಬಂದರೆ ಆಗಲ್ಲ ಅನ್ನುತ್ತೇನೆ. ಅವತ್ತು ಹೇಳುವುದಕ್ಕಿಂತ ಇವತ್ತೇ ಹೇಳಿದ್ದೇನೆ. ಸಿಟ್ಟು ಬಂದರೆ ಬರಲಿ, ನಾನೂ ಇಡೀ ಬಸ್ ಪ್ರಯಾಣ ಮಾತಾಡಿರಲಿಲ್ಲ.

ನಾನು ಏನಾದರೂ ತಪ್ಪು ಲೆಕ್ಕ ಹಾಕಿದ್ದರೆ ತೋರಿಸು. ಶನಿವಾರ ಬೆಳಿಗ್ಗೆ ಪಿಟೀಲು ಕ್ಲಾಸು ಮುಗಿಸಿ ಬಾ, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರೋಣ. ನಿನ್ನ ಪಟ್ಟಿಯ ಉಳಿದ ಒಂಬತ್ತು ಕಾಲೇಜಿಗೂ ಕ್ಯಾಲ್ಕುಲೇಟರ್ ಓಡಿಸೋಣ. ಈ ಸಲ ನೀನು ತುಂಬು, ನಾನು ಸಂಬಳದ ಚೀಟಿ ಓದಿ ಹೇಳುತ್ತೇನೆ.

ಈ ಪತ್ರದ ಹಿಂದೆ 529ರ ಸ್ಟೇಟ್‌ಮೆಂಟ್ ಪಿನ್ ಮಾಡಿದ್ದೇನೆ. ಲಾಗಿನ್ ಪಾಸ್‌ವರ್ಡ್ ಅದರ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿದೆ. ನಿನ್ನ ಹಳದಿ ಚೀಟಿಯನ್ನು ಮಾತ್ರ ನಾನೇ ಇಟ್ಟುಕೊಂಡಿದ್ದೇನೆ.

ಅಪ್ಪ