ಆಕಾಶದ ವಿದ್ಯುತ್ತು: ಬೇಲಿಯಾಚೆಯ ಲೆಕ್ಕವೂ ಬೇಕು

ಮಾನ್ಯರೇ,

ಬಾಹ್ಯಾಕಾಶದಲ್ಲಿ ಸೌರಫಲಕಗಳನ್ನು ಹರಡಿ, ಅಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಮೈಕ್ರೋವೇವ್ ಕಿರಣವಾಗಿ ಭೂಮಿಗೆ ಇಳಿಸುವ ಯೋಜನೆಯನ್ನು ತಮ್ಮ ಪತ್ರಿಕೆಯ ಲೇಖನವೊಂದು ‘ಪರಿಸರಕ್ಕೆ ಹಾನಿಯೇ ಇಲ್ಲದ್ದು’ ಎಂದು ಬಣ್ಣಿಸಿದೆ. ಕಿರಣ ಬಿದ್ದ ಊರು ಸುಟ್ಟುಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲವೆಂಬುದು ನಿಜ. 1970ರ ದಶಕದ ಕೊನೆಯಲ್ಲಿ ನಾಸಾ ಮತ್ತು ಅಮೆರಿಕದ ಇಂಧನ ಇಲಾಖೆ ರೂಪಿಸಿದ 5,000 ಮೆಗಾವ್ಯಾಟ್ ಮಾದರಿಯಲ್ಲಿ ಕಿರಣದ ನಡುಭಾಗದ ತೀವ್ರತೆ ಚದರ ಮೀಟರಿಗೆ 230 ವ್ಯಾಟ್ ಮಾತ್ರ; ನಡುಹಗಲಿನ ಬಿಸಿಲಿನ ಕಾಲು ಭಾಗವೂ ಅಲ್ಲ.

ನನ್ನ ತಕರಾರು ಅಂಚಿನ ಬಗ್ಗೆ. ಅದೇ ಮಾದರಿಯಲ್ಲಿ, ನೆಲದ ಮೇಲೆ ಕಿರಣವನ್ನು ಹಿಡಿಯುವ ಜಾಲರಿಯಂಥ ಆಂಟೆನಾದ ಅಂಚಿನಲ್ಲಿ ತೀವ್ರತೆ ಚದರ ಮೀಟರಿಗೆ 10 ವ್ಯಾಟ್ ಇರುತ್ತದೆ. ಜನಸಾಮಾನ್ಯರಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಒಪ್ಪುವ ಮಿತಿಯೂ ಅಷ್ಟೇ. ಆದರೆ ಮೊಬೈಲ್ ಗೋಪುರಗಳ ವಿಷಯದಲ್ಲಿ ಭಾರತ 2012ರಲ್ಲಿ ಅದನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿತು. ಗೋಪುರಕ್ಕೊಂದು, ಆಕಾಶದ ಕಿರಣಕ್ಕೊಂದು ಎಂದು ಎರಡು ಅಳತೆ ಇರಬಾರದಾದರೆ ಆಂಟೆನಾದ ಸುತ್ತಲಿನ ಬೇಲಿ ಇನ್ನಷ್ಟು ದೂರ ಸರಿಯಬೇಕು. ಬೇಲಿಯ ಹಂಗಿಲ್ಲದ ಹಕ್ಕಿಗಳ ಮಾತು ಬೇರೆಯೇ: ಮಾರ್ಚ್ ತಿಂಗಳ ಸೆಕೆಯಲ್ಲಿ ಮೊದಲೇ ಬಳಲಿರುವ ಅವುಗಳ ಮೈಗೆ ಕಿರಣದಿಂದ ಹುಟ್ಟುವ ಹೆಚ್ಚುವರಿ ಶಾಖವನ್ನೂ ಹೊರಹಾಕುವ ಕೆಲಸ ಬೀಳುತ್ತದೆ.

ಇನ್ನು ನೆಲ. ನಮ್ಮ ಕಾಸರಗೋಡು ಜಿಲ್ಲೆಯ ಪೈವಳಿಕೆ, ಮೀಂಜ ಭಾಗದ 50 ಮೆಗಾವ್ಯಾಟ್ ಸೌರಸ್ಥಾವರಕ್ಕೆ ಸುಮಾರು 250 ಎಕರೆ, ಅಂದರೆ ಒಂದು ಚದರ ಕಿಲೋಮೀಟರ್ ಬೇಕಾಯಿತು. ಮೇಲಿನ ಮಾದರಿಯ ಆಂಟೆನಾ ನಮ್ಮ ಅಕ್ಷಾಂಶದಲ್ಲಿ ಸುಮಾರು 10 ಕಿಲೋಮೀಟರ್ ವ್ಯಾಸದ ವೃತ್ತವಾಗುತ್ತದೆ. ಅದು 78 ಚದರ ಕಿಲೋಮೀಟರ್. ಹಗಲು ರಾತ್ರಿ ವಿದ್ಯುತ್ ಕೊಡುವುದರಿಂದ ಎಕರೆಯ ಲೆಕ್ಕದಲ್ಲಿ ಅದೇ ಲಾಭಕರ ಎಂಬುದನ್ನು ಒಪ್ಪುತ್ತೇನೆ. ಜಾಲರಿಯ ಅಡಿಗೆ ಬೆಳಕು, ಮಳೆ ಇಳಿಯುವುದರಿಂದ ಕೃಷಿಯೂ ಸಾಧ್ಯವೆನ್ನುತ್ತಾರೆ. ಆದರೆ ಇಂಥ ಯೋಜನೆಗಳ ಕಣ್ಣು ಮೊದಲು ಬೀಳುವುದು ‘ಬಂಜರು’ ಎನಿಸಿಕೊಂಡ ಮುರಕಲ್ಲಿನ ಪದವುಗಳ, ಅಂದರೆ ಎತ್ತರದ ಬಯಲುಗಳ ಮೇಲೆ. ಆ ಪದವುಗಳಲ್ಲಿ ಇಂಗಿದ ಮಳೆನೀರೇ ಇಳಿಜಾರಿನಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ ಜಿನುಗಿ ನಮ್ಮ ಅಡಿಕೆ ತೋಟಗಳನ್ನು ಸಾಕುತ್ತಿದೆ ಎಂಬುದು ನಕಾಶೆಯಲ್ಲಿ ಕಾಣಿಸುವುದಿಲ್ಲ.

ಅಳತೆ ತಡವಾದರೆ ಏನಾಗುತ್ತದೆಂದು ನಾವು ಕಂಡವರು: ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು ಈ ಜಿಲ್ಲೆಯಲ್ಲಿ 2000ದಲ್ಲಿ ನಿಂತರೂ, ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಮೈಕ್ರೋವೇವ್ ಕೀಟನಾಶಕವಲ್ಲ, ನಿಲ್ಲಿಸಿದೊಡನೆ ನಿಲ್ಲುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೂ ಮೊದಲ ಅಳತೆಯನ್ನು ಯಾರು, ಯಾವಾಗ ಮಾಡಬೇಕು ಎಂಬ ಪ್ರಶ್ನೆ ಎರಡಕ್ಕೂ ಒಂದೇ. ಭಾರತದಲ್ಲಿ ಇಂಥ ಕೇಂದ್ರಕ್ಕೆ ಜಾಗ ಹುಡುಕುವ ದಿನ ಬಂದರೆ, ಕಿರಣ ಹಾಯಿಸುವ ಮೊದಲೇ ಆ ಜಾಗದ ಹಕ್ಕಿ, ಜೇನು, ನೀರು ಮತ್ತು ಜನರ ಆರೋಗ್ಯದ ಸ್ಥಿತಿಯನ್ನು ಯೋಜನೆಗೆ ಸಂಬಂಧಪಡದ ಸಂಸ್ಥೆಯೊಂದು ದಾಖಲಿಸಬೇಕು. ಆ ವರದಿ ಪಂಚಾಯತಿನ ಸಾರ್ವಜನಿಕ ವಿಚಾರಣೆಗೆ ಊರವರು ಓದುವ ಭಾಷೆಯಲ್ಲಿ, ಗಡಿಯ ನಮ್ಮಲ್ಲಾದರೆ ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಬರಬೇಕು.

— ಒಬ್ಬ ಕೃಷಿಕ, ಪೆರ್ಲ, ಕಾಸರಗೋಡು