ಕುಂಬಳೆಯಲ್ಲಿ ಇಳಿದು ಹೋದ ಅಕ್ಕನಿಗೆ

ಮಂಗಳೂರಿನಿಂದ ಕಾಸರಗೋಡಿಗೆ ಬರುವ ಸಂಜೆಯ ರೈಲು. ನನ್ನ ಮಡಿಲಲ್ಲಿ ಐಸ್ ಪ್ಯಾಕ್ ಇಟ್ಟ ಸ್ಟೀಲ್ ಡಬ್ಬಿ, ಅದರೊಳಗೆ ಮಗುವಾಗಲೆಂದು ಮಾಡಿಸುತ್ತಿರುವ ಐವಿಎಫ್ ಚಿಕಿತ್ಸೆಯ ಇಂಜೆಕ್ಷನ್. 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕಂತೆ. ಪಕ್ಕದಲ್ಲಿ ಅತ್ತೆ. "ದಿನಾ ಹೊಟ್ಟೆಗೆ ಚುಚ್ಚಿಕೊಳ್ಳುವುದು ಯಾಕೆ, ಒಂದು ನಾಗಪೂಜೆ ಮಾಡಿಸಿದ್ದರೆ ಸಾಕಿತ್ತು" ಅಂತ ಶುರು ಮಾಡಿದ್ದರು. ನಾನು ಕಿಟಕಿ ಕಡೆ ತಿರುಗಿ ಕೂತಿದ್ದೆ. ಅಳು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಎದುರು ಸೀಟಿನಲ್ಲಿದ್ದ ನೀವು ಸುಮ್ನೆ ಅತ್ತೆಯನ್ನು ಕೇಳಿದಿರಿ, "ತೋಟ ಉಂಟಾ ಅಮ್ಮಾ?"

ಉಂಟು, ಅಡಿಕೆ.

"ಮೊಳಕೆ ಬರಿಸುವುದು ಪಾತಿಯಲ್ಲಿ, ಸಸಿ ಆದ ಮೇಲೆ ತೋಟಕ್ಕೆ. ಅಲ್ವಾ? ಇದೂ ಹಾಗೇ. ತಿಂಗಳಿಗೆ ಸಾಮಾನ್ಯವಾಗಿ ಒಂದೇ ಅಂಡ ಬಲಿಯುವುದು. ಇಂಜೆಕ್ಷನ್ ಕೊಟ್ಟರೆ ಹಲವು ಬಲಿಯುತ್ತವೆ. ಅವನ್ನು ಹೊರಗೆ ತೆಗೆದು, ಲ್ಯಾಬಿನಲ್ಲಿ ಭ್ರೂಣ ಮಾಡಿ, 3ನೇ ದಿನವೋ 5ನೇ ದಿನವೋ ಗರ್ಭಕೋಶಕ್ಕೆ ಬಿಡುತ್ತಾರೆ."

"ಬಿಟ್ಟದ್ದೆಲ್ಲ ಹಿಡೀತದಾ?" ಅತ್ತೆ ಕೇಳಿದರು.

"ನಿಮ್ಮ ಸಸಿ ಎಲ್ಲಾ ಹಿಡೀತದಾ?"

ಅತ್ತೆ ನಕ್ಕುಬಿಟ್ಟರು! ತೊಂದರೆ ಗಂಡಸರಲ್ಲೂ ಇರಬಹುದು ಅಂತ ನೀವು ಹೇಳಿದಾಗ ಮಾತ್ರ ಸ್ವಲ್ಪ ಹೊತ್ತು ಮಾತಿಲ್ಲ.

ಇಳಿಯುವ ಮೊದಲು ನನ್ನ ಕಿವಿಯ ಹತ್ತಿರ ಬಂದು, "ನನಗೆ ಎರಡು ಸಲ ಹಿಡಿಯಲಿಲ್ಲ ಮಾರಾಯ್ತಿ" ಅಂದಿರಿ. ಮೂರನೆಯದರ ಬಗ್ಗೆ ನಾನು ಕೇಳಲಿಲ್ಲ. ಹೆಸರೂ ಕೇಳಲಿಲ್ಲ, ಅದೇ ಬೇಜಾರು.

ನಿಮಗೆ ತುಂಬಾ ಥ್ಯಾಂಕ್ಸ್ ಅಕ್ಕಾ. ಈಗ ರಾತ್ರಿ 8 ಗಂಟೆಗೆ ಡಬ್ಬಿಯನ್ನು ಫ್ರಿಜ್ಜಿನಿಂದ ತೆಗೆದು ಕೊಡುವುದು ಅತ್ತೆಯೇ. ಸೂಜಿ ಚುಚ್ಚುವಾಗ ಮಾತ್ರ ಆಚೆ ಮುಖ ಮಾಡುತ್ತಾರೆ.